ಅಮಾಕ್ಸಿಸಿಲಿನ್ ಡ್ರೈ ಸಿರಪ್: ಬಾಟಲಿ ಎರಡು ದಿನಕ್ಕೆ ಖಾಲಿ, ಕೋರ್ಸ್ ಹತ್ತು ದಿನ

ಮಗಳಿಗೆ ಐದೂವರೆ ವರ್ಷ, ತೂಕ 15 ಕೆಜಿ. ಜುಲೈನಲ್ಲಿ ಅವಳಿಗೆ ಸ್ಟ್ರೆಪ್ ಅನ್ನುವ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು ಹತ್ತು ದಿನ ಅಮಾಕ್ಸಿಸಿಲಿನ್ ಡ್ರೈ ಸಿರಪ್ ಕುಡಿಸಿದೆವು. ಇದು ಪೆನಿಸಿಲಿನ್ ಜಾತಿಯ ಆ್ಯಂಟಿಬಯೋಟಿಕ್, ಪುಡಿಯಾಗಿ ಬರುತ್ತದೆ, ನಾವೇ ನೀರು ಹಾಕಿ ಕಲೆಸಬೇಕು. 5 ಎಂಎಲ್‌ನಲ್ಲಿ 250 ಮಿಲಿಗ್ರಾಂ ಇರುವ ಔಷಧಿ, 30 ಎಂಎಲ್ ಬಾಟಲಿ. ಇದು ಅದರ ರಿವ್ಯೂ. ಬರೆದುಕೊಟ್ಟ ಕ್ಲಿನಿಕ್ ಬಗ್ಗೆ, ಮಾರಿದ ಎರಡು ಮೆಡಿಕಲ್ ಶಾಪ್ ಬಗ್ಗೆಯೂ ಬರೆಯುತ್ತೇನೆ. ಯಾಕೆಂದರೆ ಔಷಧಿ ಎಷ್ಟೇ ಚೆನ್ನಾಗಿದ್ದರೂ ಅದು ಮಗುವಿನ ಹೊಟ್ಟೆಗೆ ಪೂರ್ತಿ ಹತ್ತು ದಿನ ಹೋಗುತ್ತದೋ ಇಲ್ಲವೋ ಅನ್ನುವುದು ಇವರೆಲ್ಲರ ಕೈಯಲ್ಲಿದೆ, ನಮ್ಮ ಕೈಯಲ್ಲೂ ಇದೆ. ಯಾರ ಹೆಸರೂ ಹಾಕುವುದಿಲ್ಲ. ಯಾವ ಕಂಪನಿಯದು ಅನ್ನುವುದೂ ಇಲ್ಲಿ ಮುಖ್ಯ ಅಲ್ಲ.

ಶಿವಮೊಗ್ಗದಲ್ಲಿ ಮಳೆ ಹಿಡಿದು ಒಂದು ವಾರ ಆಗಿತ್ತು. ಒಂಬತ್ತು ವರ್ಷದ ಮಗನಿಗೆ ಆಗಲೇ ನಾಲ್ಕು ದಿನದಿಂದ ಮೂಗು ಸೋರುತ್ತಿತ್ತು, ಕೆಮ್ಮು ಇತ್ತು, ದನಿ ಒಡೆದಿತ್ತು. ಭಾನುವಾರ ಮಧ್ಯಾಹ್ನದವರೆಗೆ ಚೆನ್ನಾಗಿ ಆಡಿಕೊಂಡಿದ್ದ ಮಗಳು ಸಂಜೆ ಹೊತ್ತಿಗೆ ಮುದುಡಿ ಮಲಗಿಬಿಟ್ಟಳು. ಜ್ವರ ನೋಡಿದರೆ 102. ಉಗುಳು ನುಂಗುವಾಗಲೂ ಮುಖ ಹಿಂಡುತ್ತಿದ್ದಳು. ಅಣ್ಣನ ನೆಗಡಿ ತಂಗಿಗೂ ಅಂಟಿತು ಅಂದುಕೊಂಡೆವು. ಅತ್ತೆ ಕಾಳುಮೆಣಸಿನ ಕಷಾಯ ಮಾಡಿದರು, ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಲು ಅವಳಿಗೆ ಹೇಳಿದರು. ಅದೆಲ್ಲ ಗಂಟಲಿಗೆ ಹಿತ ಕೊಡುತ್ತದೆ, ನಾನು ಬೇಡ ಅನ್ನಲಿಲ್ಲ. ಆದರೆ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಇವಳಿಗೆ ಕೆಮ್ಮೂ ಇಲ್ಲ, ಮೂಗೂ ಸೋರುತ್ತಿಲ್ಲ.

ಹೋದ ವರ್ಷ ಹೀಗೇ ಆದಾಗ ನಾವು ಡಾಕ್ಟರ ಹತ್ತಿರ ಹೋಗಿರಲಿಲ್ಲ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಅಜಿತ್ರೋಮೈಸಿನ್ ಅನ್ನುವ ಇನ್ನೊಂದು ಆ್ಯಂಟಿಬಯೋಟಿಕ್ ಸಿರಪ್ ಕೊಟ್ಟರು, ಮೂರು ದಿನ ಹಾಕಿ ಸಾಕು ಅಂದರು. ನಾವೂ ಹಾಕಿದೆವು. ಅದು ಸ್ಟ್ರೆಪ್ಪೋ, ವೈರಸ್ಸೋ, ಮಗುವಿನ ತೂಕಕ್ಕೆ ಎಷ್ಟು ಬೇಕೋ, ಯಾರೂ ನೋಡಲಿಲ್ಲ, ಯಾರೂ ಕೇಳಲಿಲ್ಲ. ಆಮೇಲೆ ಈ ವಿಷಯ ಚಿಕ್ಕಮ್ಮನ ಹತ್ತಿರ ಹೇಳಿದಾಗ ಅವರು ನನಗೆ ಬೈದ ಬೈಗುಳ ಇನ್ನೂ ಕಿವಿಯಲ್ಲಿದೆ. ಚಿಕ್ಕಮ್ಮನ ಕಥೆ ಮುಂದೆ ಹೇಳುತ್ತೇನೆ.

ಸೋಮವಾರ ಬೆಳಿಗ್ಗೆ ಇಬ್ಬರನ್ನೂ ಕರೆದುಕೊಂಡು ಮಕ್ಕಳ ಕ್ಲಿನಿಕ್‌ಗೆ ಹೋದೆ. ಒಂದೂವರೆ ಗಂಟೆ ಕಾಯಬೇಕಾಯಿತು, ಕೂರಲು ಜಾಗ ಕಡಿಮೆ, ಟೋಕನ್ ಪದ್ಧತಿಯೂ ಇಲ್ಲ. ಅದೊಂದು ಬಿಟ್ಟರೆ ಈ ಕ್ಲಿನಿಕ್‌ಗೆ ನಾನು ಐದಕ್ಕೆ ಐದು ಕೊಡುತ್ತೇನೆ, ಯಾಕೆ ಅಂತ ಹೇಳುತ್ತೇನೆ.

ಡಾಕ್ಟರಮ್ಮ ಮಗಳನ್ನು ನನ್ನ ತೊಡೆಯ ಮೇಲೆ ಕೂರಿಸಿ, "ಬಾಯಿ ದೊಡ್ಡದಾಗಿ ತೆಗಿ ಪುಟ್ಟಿ, ಸಿಂಹದ ಹಾಗೆ" ಅಂತ ಟಾರ್ಚ್ ಬಿಟ್ಟರು. ನನ್ನನ್ನೂ ಬಗ್ಗಿ ನೋಡಲು ಹೇಳಿದರು. ಎರಡೂ ಟಾನ್ಸಿಲ್ ಊದಿಕೊಂಡು ಕೆಂಪಗೆ, ಮೇಲೆ ಅಲ್ಲಲ್ಲಿ ಅನ್ನದ ನುಚ್ಚು ಅಂಟಿಕೊಂಡ ಹಾಗೆ ಬಿಳಿ. ಅಂಗುಳಿನ ಹಿಂಭಾಗದಲ್ಲಿ ಸೂಜಿಯಿಂದ ಚುಚ್ಚಿದಂಥ ಸಣ್ಣ ಕೆಂಪು ಚುಕ್ಕೆಗಳು. ದವಡೆಯ ಕೆಳಗೆ ನನ್ನ ಬೆರಳು ಹಿಡಿದು ಒತ್ತಿಸಿದರು, ಗಂಟುಗಳು ಸಿಕ್ಕವು, ಮುಟ್ಟಿದರೆ ಮಗು ಕಿರುಚಿದಳು. ಜ್ವರ, ಟಾನ್ಸಿಲ್ ಮೇಲೆ ಬಿಳಿ, ಕತ್ತಿನ ಮುಂಭಾಗದಲ್ಲಿ ನೋವಿರುವ ಗಂಟು, ಕೆಮ್ಮು ಇಲ್ಲದಿರುವುದು. ಈ ನಾಲ್ಕೂ ಸೇರಿದರೆ, ಅದರ ಮೇಲೆ ಮಗುವಿನ ವಯಸ್ಸು ಐದರಿಂದ ಹದಿನೈದರ ಒಳಗಿದ್ದರೆ, ಸ್ಟ್ರೆಪ್ ಇರಬಹುದು ಅನ್ನುವ ಅನುಮಾನ ಜಾಸ್ತಿ. ಆದರೂ ಕಣ್ಣಿನಲ್ಲಿ ನೋಡಿ ಖಚಿತ ಹೇಳಲು ಆಗುವುದಿಲ್ಲ, ವೈರಸ್ಸಿನಲ್ಲೂ ಬಿಳಿ ಕಟ್ಟುತ್ತದೆ, ಅದಕ್ಕೆ ಗಂಟಲಿನ ಸ್ವಾಬ್ ಕಳಿಸೋಣ ಅಂದರು. ಉದ್ದದ ಹತ್ತಿ ಕಡ್ಡಿಯಿಂದ ಟಾನ್ಸಿಲ್ ಮೇಲೆ ಸವರಿ ತೆಗೆದರು. ಎರಡು ಸೆಕೆಂಡಿನ ಕೆಲಸ, ಮಗುವಿಗೆ ಓಕರಿಕೆ ಬಂತು, ಅಷ್ಟೇ. ಕೆಲವು ಕಡೆ ಐದು ಹತ್ತು ನಿಮಿಷದಲ್ಲಿ ಗೊತ್ತಾಗುವ ರ್‍ಯಾಪಿಡ್ ಟೆಸ್ಟ್ ಇದೆ, ಇಲ್ಲಿ ಇರಲಿಲ್ಲ. ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ರಿಪೋರ್ಟ್‌ಗೆ ಎರಡು ದಿನ.

ಆ ಎರಡು ದಿನ ಪ್ಯಾರಾಸಿಟಮಾಲ್ ಮಾತ್ರ. ಮನೆಗೆ ಬಂದಾಗ ಅತ್ತೆಗೆ ಸಿಟ್ಟು. "ಅಷ್ಟು ಹೊತ್ತು ಕೂತು ಬಂದು ಬರೀ ಜ್ವರದ ಔಷಧಿಯಾ? ಆ್ಯಂಟಿಬಯೋಟಿಕ್ ಕೊಡಲಿಲ್ಲವಾ?" ನನಗೂ ಒಳಗೊಳಗೆ ಕಸಿವಿಸಿ. ಆದರೆ ಡಾಕ್ಟರಮ್ಮ ಮೊದಲೇ ಸಮಾಧಾನ ಹೇಳಿದ್ದರು. ಮಕ್ಕಳ ಗಂಟಲು ನೋವಿನಲ್ಲಿ ಹತ್ತರಲ್ಲಿ ಸುಮಾರು ಮೂರು ಮಾತ್ರ ಸ್ಟ್ರೆಪ್, ದೊಡ್ಡವರಲ್ಲಿ ಹತ್ತರಲ್ಲಿ ಒಂದು. ಉಳಿದದ್ದೆಲ್ಲ ಹೆಚ್ಚಾಗಿ ವೈರಸ್, ಅದಕ್ಕೆ ಆ್ಯಂಟಿಬಯೋಟಿಕ್‌ನಿಂದ ಏನೂ ಆಗುವುದಿಲ್ಲ. ಸ್ಟ್ರೆಪ್ಪೇ ಆಗಿದ್ದರೂ ಗಂಟಲು ನೋವು ಶುರುವಾದ ಒಂಬತ್ತು ದಿನದ ಒಳಗೆ ಔಷಧಿ ಶುರುವಾದರೆ ಮುಖ್ಯವಾದ ಅಪಾಯ (ರುಮ್ಯಾಟಿಕ್ ಜ್ವರ, ಅದೇನು ಅಂತ ಮುಂದೆ ಹೇಳುತ್ತೇನೆ) ತಪ್ಪುತ್ತದೆ, ಹಾಗಾಗಿ ಎರಡು ದಿನ ಕಾದರೆ ನಷ್ಟ ಇಲ್ಲ. ಉಸಿರಾಟಕ್ಕೆ ಕಷ್ಟ ಆದರೆ, ಬಾಯಿ ತೆರೆಯಲೇ ಆಗದಿದ್ದರೆ, ನೀರೂ ಇಳಿಯದೆ ಜೊಲ್ಲು ಸುರಿಯತೊಡಗಿದರೆ ಕಾಯಬೇಡಿ, ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೋಗಿ ಅಂದಿದ್ದರು.

ಮಗನಿಗೆ ಏನೂ ಬರೆಯಲಿಲ್ಲ. ಕೆಮ್ಮು, ಸೋರುವ ಮೂಗು, ಒಡೆದ ದನಿ, ಇದು ವೈರಸ್, ಬಿಸಿ ಬಿಸಿ ಸಾರು ಕುಡಿಸಿ ಅಂದರು. ಬುಧವಾರ ಮಗಳಿಗೆ ಅಮಾಕ್ಸಿಸಿಲಿನ್ ಶುರುವಾದಾಗ ನಾನು ಫೋನ್ ಮಾಡಿ ಕೇಳಿದೆ, ಇವನಿಗೂ ಇದೇ ಬಾಟಲಿಯಿಂದ ಸ್ವಲ್ಪ ಕೊಡಲಾ ಅಂತ. ಬೇಡವೇ ಬೇಡ ಅಂದರು. ಕೆಲವು ವೈರಸ್ ಗಂಟಲು ನೋವಿನಲ್ಲಿ ಇದೇ ಔಷಧಿ ಕೊಟ್ಟರೆ ಮೈತುಂಬ ಕೆಂಪು ದದ್ದು ಏಳುತ್ತದಂತೆ, ಆಮೇಲೆ ಅದು ಅಲರ್ಜಿ ಅಂದುಕೊಂಡು ಜೀವನಪೂರ್ತಿ ಒಂದು ಒಳ್ಳೆಯ ಔಷಧಿಯನ್ನೇ ದೂರ ಇಡುವ ಹಾಗಾಗುತ್ತದೆ. ಮಗ ಇನ್ನು ನಾಲ್ಕು ದಿನದಲ್ಲಿ ತಾನೇ ಸರಿಹೋದ. ಒಂದೇ ಮನೆ, ಒಂದೇ ವಾರ, ಒಂದೇ ಗಂಟಲು ನೋವು ಅಂತ ನಾವು ಅಂದುಕೊಂಡಿದ್ದು. ಒಬ್ಬಳಿಗೆ ಔಷಧಿ ಬೇಕೇ ಬೇಕಿತ್ತು, ಇನ್ನೊಬ್ಬನಿಗೆ ಬೇಕಿರಲಿಲ್ಲ.

ರಿಪೋರ್ಟ್‌ನಲ್ಲಿ ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್ ಅಂತ ಬಂತು, ಅಂದರೆ ಸ್ಟ್ರೆಪ್ಪೇ. ಡಾಕ್ಟರಮ್ಮ ಮೊದಲು ಕೇಳಿದ್ದು, ಪೆನಿಸಿಲಿನ್ ಜಾತಿಯ ಔಷಧಿ ಕೊಟ್ಟಾಗ ಯಾವತ್ತಾದರೂ ದದ್ದು, ಊತ ಆಗಿದೆಯಾ ಅಂತ. ಇಲ್ಲ ಅಂದ ಮೇಲೆ ಮಗುವನ್ನು ಮತ್ತೆ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಕೆಜಿಗೆ ದಿನಕ್ಕೆ 50 ಮಿಲಿಗ್ರಾಂ, 15 ಕೆಜಿಗೆ 750, ಎರಡು ಹೊತ್ತಿಗೆ ಹಂಚಿದರೆ 375, ಅಂದರೆ ಒಂದು ಸಲಕ್ಕೆ ಏಳೂವರೆ ಎಂಎಲ್. ಇದು ನನ್ನ ಮಗಳ ಲೆಕ್ಕ, ನಿಮ್ಮ ಮಗುವಿಗೆ ನಿಮ್ಮ ಡಾಕ್ಟರೇ ಹಾಕಬೇಕು. ಚೀಟಿಯಲ್ಲಿ '10 ದಿನ' ಅಂತ ಬರೆದು ಎರಡು ಸಲ ಸುತ್ತು ಹಾಕಿದರು.

ಈಗ ಮೊದಲನೇ ಮೆಡಿಕಲ್ ಶಾಪ್. ಚೀಟಿ ಕೊಟ್ಟೆ. ಎರಡು ಬಾಟಲಿ ತೆಗೆದಿಟ್ಟರು. ಹತ್ತು ದಿನಕ್ಕೆ ಬರೆದಿದ್ದಾರಲ್ಲ ಅಂದೆ. "ಸದ್ಯಕ್ಕೆ ಎರಡು ತಗೊಂಡು ಹೋಗಿ ಅಕ್ಕಾ, ಅಷ್ಟರಲ್ಲಿ ವಾಸಿಯಾಗುತ್ತೆ, ಸುಮ್ನೆ ವೇಸ್ಟ್ ಯಾಕೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ನನ್ನ ದುಡ್ಡು ಉಳಿಸುವ ಮಾತು ಅದು. ನಾನೂ ತಲೆಯಾಡಿಸಿ ಬಂದೆ. ಲೆಕ್ಕ ಹಾಕಿ ನೋಡಿ: ದಿನಕ್ಕೆ 15 ಎಂಎಲ್. 30 ಎಂಎಲ್ ಬಾಟಲಿ ಎರಡು ದಿನ. ಎರಡು ಬಾಟಲಿ ನಾಲ್ಕು ದಿನ. ಹತ್ತು ದಿನಕ್ಕೆ ಐದು ಬಾಟಲಿ ಬೇಕು.

ಕಲೆಸುವ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮೊದಲ ಬಾಟಲಿ ನಾನು ತಪ್ಪಾಗಿ ಕಲೆಸುತ್ತಿದ್ದೆ. ಬಾಟಲಿಯ ತಳದಲ್ಲಿ ಬಿಳಿ ಪುಡಿ ಇರುತ್ತದೆ, ಲೇಬಲ್ ಮೇಲೆ ಒಂದು ಬಾಣದ ಗುರುತು. ಕುದಿಸಿ ಪೂರ್ತಿ ಆರಿಸಿದ ನೀರು ಹಾಕಬೇಕು, ಕೆಲವು ಪ್ಯಾಕಿನಲ್ಲಿ ಶುದ್ಧ ನೀರಿನ ಸಣ್ಣ ಟ್ಯೂಬ್ ಜೊತೆಗೇ ಬರುತ್ತದೆ. ನೀರು ಹಾಕುವ ಮೊದಲು ಬಾಟಲಿಯನ್ನು ಅಂಗೈಗೆ ತಟ್ಟಿ ಪುಡಿ ಸಡಿಲ ಮಾಡಿ, ಇಲ್ಲದಿದ್ದರೆ ಮೂಲೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಅರ್ಧ ನೀರು ಹಾಕಿ ಚೆನ್ನಾಗಿ ಕುಲುಕಿದರೆ ನೊರೆ ಏಳುತ್ತದೆ, ಮಜ್ಜಿಗೆ ಕಡೆದಾಗಿನ ಹಾಗೆ. ನೊರೆ ಬಾಣದ ಗುರುತು ಮುಟ್ಟಿದ್ದನ್ನು ನೋಡಿ ಸಾಕು ಅಂದುಕೊಂಡು ಮುಚ್ಚಳ ಹಾಕಲು ಹೋದೆ. ನನ್ನ ಗಂಡ ತಡೆದು, ಐದು ನಿಮಿಷ ಬಿಡು ಅಂದರು. ನೊರೆ ಇಳಿದ ಮೇಲೆ ನೋಡಿದರೆ ಔಷಧಿ ಗುರುತಿಗಿಂತ ಒಂದು ಬೆರಳು ಕೆಳಗಿತ್ತು. ಹಾಗೇ ಕೊಟ್ಟಿದ್ದರೆ ಡೋಸ್ ಜಾಸ್ತಿ ಹೋಗುತ್ತಿತ್ತು, ಮೇಲಾಗಿ ಬಾಟಲಿ ಬೇಗ ಮುಗಿಯುತ್ತಿತ್ತು. ನೀರು ಗುರುತು ದಾಟಿದರೆ ಡೋಸ್ ಕಡಿಮೆ. ನೊರೆ ಇಳಿದ ಮೇಲೆ ಗುರುತಿನವರೆಗೆ ನೀರು ತುಂಬಿ ಮತ್ತೆ ಕುಲುಕಿ. ಪ್ರತಿ ಸಲ ಕೊಡುವ ಮೊದಲೂ ಕುಲುಕಲೇಬೇಕು, ಔಷಧಿ ತಳಕ್ಕೆ ಇಳಿದಿರುತ್ತದೆ.

ಅಳತೆಗೆ ಅಡುಗೆಮನೆ ಚಮಚ ಬೇಡ. ನಮ್ಮ ಮನೆಯ ಎರಡು ಟೀ ಚಮಚದಲ್ಲಿ ನೀರು ಅಳೆದು ನೋಡಿದೆ, ಒಂದರಲ್ಲಿ 3 ಎಂಎಲ್, ಇನ್ನೊಂದರಲ್ಲಿ 5. ಜೊತೆಗೆ ಬರುವ ಮುಚ್ಚಳದಲ್ಲಿ ಗೆರೆ ಇದೆ ನಿಜ, ಆದರೆ ಏಳೂವರೆಗೆ ಗೆರೆ ಇರಲಿಲ್ಲ. ಸೂಜಿ ಇಲ್ಲದ 10 ಎಂಎಲ್ ಸಿರಿಂಜ್ ಕೇಳಿ ತಂದೆವು, ಅದರಲ್ಲಿ ಎಳೆದು ಕೆನ್ನೆಯ ಒಳಬದಿಗೆ ನಿಧಾನ ಬಿಟ್ಟರೆ ಮಗು ಉಗುಳುವುದೂ ಕಡಿಮೆ.

ರುಚಿ, ವಾಸನೆ ಮಕ್ಕಳಿಗೆ ಒಗ್ಗುತ್ತದೆ, ಹಣ್ಣಿನ ಸಿಹಿ ಇದೆ. ಊಟದ ಮೊದಲೋ ಆಮೇಲೋ ಅನ್ನುವ ಕಟ್ಟುಪಾಡು ಇಲ್ಲ, ಹಾಲಿನ ಜೊತೆಯೂ ಕೊಡಬಹುದು. ಐದನೇ ದಿನ ಎರಡು ಸಲ ಭೇದಿ ಆಯಿತು, ಅನ್ನ ಮಜ್ಜಿಗೆಯಲ್ಲೇ ಸರಿಹೋಯಿತು. ದದ್ದು ಬಂದರೆ, ಮುಖ ಊದಿದರೆ, ಉಸಿರು ಕಟ್ಟಿದರೆ ಮುಂದಿನ ಡೋಸ್ ಕೊಡದೆ ತಕ್ಷಣ ಡಾಕ್ಟರ ಹತ್ತಿರ ಓಡಬೇಕು ಅಂತ ಚೀಟಿಯ ಹಿಂದೆ ಬರೆದುಕೊಟ್ಟಿದ್ದರು. ನಮಗೆ ಹಾಗೇನೂ ಆಗಲಿಲ್ಲ.

ಪರಿಣಾಮ ಬೇಗ ಕಾಣಿಸಿತು. ಬುಧವಾರ ರಾತ್ರಿ ಮೊದಲ ಡೋಸ್, ಗುರುವಾರ ರಾತ್ರಿ ಹೊತ್ತಿಗೆ ಜ್ವರ ಇಲ್ಲ, ಶುಕ್ರವಾರ ಇಡ್ಲಿ ಕೇಳಿ ತಿಂದಳು. ಔಷಧಿ ಶುರುವಾಗಿ ಒಂದು ದಿನ ಕಳೆದು ಜ್ವರವೂ ಬಿಟ್ಟಿದ್ದರೆ ಬೇರೆ ಮಕ್ಕಳಿಗೆ ಅಂಟುವ ಭಯ ಇಲ್ಲ, ಸ್ಕೂಲಿಗೆ ಕಳಿಸಬಹುದು ಅಂದಿದ್ದರು. ಶನಿವಾರ ಸ್ಕೂಲಿಗೆ ಹೋದಳು. ಭಾನುವಾರ ಬೆಳಿಗ್ಗೆ ಎರಡನೇ ಬಾಟಲಿಯ ಕೊನೆಯ ಡೋಸ್ ಸಿರಿಂಜಿನಲ್ಲಿ ಎಳೆದೆ. ಖಾಲಿ ಬಾಟಲಿ ಸಿಂಕಿನ ಪಕ್ಕ ಇಟ್ಟೆ. ಮಗಳು ಮನೆಯೊಳಗೆ ಸೈಕಲ್ ತುಳಿಯುತ್ತಿದ್ದಳು. ಹೊರಗೆ ಧೋ ಅಂತ ಮಳೆ, ಮೆಡಿಕಲ್ ಶಾಪ್ ಭಾನುವಾರ ಅರ್ಧ ದಿನ. ಆ ಕ್ಷಣದಲ್ಲಿ, ನಿಜ ಹೇಳುತ್ತೇನೆ, ಔಷಧಿ ಮುಗಿಯಿತು ಅನ್ನಿಸಿತು. ಮುಗಿದಿದ್ದು ಬಾಟಲಿ. ಔಷಧಿ ಇನ್ನೂ ಆರು ದಿನ ಇತ್ತು.

ಆಗ ಚಿಕ್ಕಮ್ಮನ ಫೋನ್ ಬಂತು. ಬುಧವಾರದಿಂದ ದಿನಾ ಮಾಡುತ್ತಿದ್ದರು. "ಏನೇ, ಇವತ್ತು ಎಷ್ಟನೇ ದಿನ?"

ಚಿಕ್ಕಮ್ಮ ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಬೆಳೆದವರು. ಎಂಟೊಂಬತ್ತು ವರ್ಷದವರಿದ್ದಾಗ ಗಂಟಲು ನೋವು, ಜ್ವರ ಬಂದು ತಾನಾಗೇ ಹೋಗಿತ್ತು. ಎರಡು ಮೂರು ವಾರದ ಮೇಲೆ ಮಂಡಿ ಊದಿತು, ಅದು ಇಳಿಯುವಾಗ ಪಾದದ ಗಂಟು ಊದಿತು, ಆಮೇಲೆ ಮೊಣಕೈ. ವಾಯು ಅಂದುಕೊಂಡು ಎಣ್ಣೆ ಹಚ್ಚಿದರಂತೆ. ಅದು ರುಮ್ಯಾಟಿಕ್ ಜ್ವರ ಅಂತ ಗೊತ್ತಾಗಿದ್ದು 26ನೇ ವಯಸ್ಸಿನಲ್ಲಿ, ಬಸುರಿಯಾಗಿದ್ದಾಗ ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದ ಮೇಲೆ. ಆ ಜ್ವರದಿಂದ ಹೃದಯದ ಮೈಟ್ರಲ್ ವಾಲ್ವ್ (ಹೃದಯದೊಳಗಿನ ಒಂದು ಕವಾಟ) ಕಿರಿದಾಗಿತ್ತು. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಬಲೂನ್ ಹಾಕಿ ವಾಲ್ವ್ ಅಗಲ ಮಾಡಿದರು, ಅವರೂ ಉಳಿದರು ಮಗುವೂ ಉಳಿಯಿತು. ಆ ಜ್ವರ ಮತ್ತೆ ಬರದಿರಲಿ ಅಂತ ಇವತ್ತಿಗೂ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತಗೊಳ್ಳುತ್ತಾರೆ. ಚುಚ್ಚಿದ ಜಾಗ ಎರಡು ದಿನ ನೋಯುತ್ತದೆ, ಮಗ್ಗುಲಾಗಿ ಮಲಗಲು ಆಗುವುದಿಲ್ಲ. ಮದುವೆ, ತಿಥಿ, ಊರಿಗೆ ಹೋಗುವುದು, ಎಲ್ಲದಕ್ಕೂ ಮೊದಲು ಇಂಜೆಕ್ಷನ್ ತಾರೀಖು ನೋಡಿಕೊಳ್ಳುತ್ತಾರೆ.

ಹತ್ತು ದಿನ ಯಾಕೆ ಅನ್ನುವುದು ಇಲ್ಲೇ ಇರುವುದು. ಸ್ಟ್ರೆಪ್ ಗಂಟಲು ನೋವು ಔಷಧಿ ಇಲ್ಲದಿದ್ದರೂ ಹೆಚ್ಚಿನವರಲ್ಲಿ ಮೂರರಿಂದ ಐದು ದಿನಕ್ಕೆ ಇಳಿಯುತ್ತದೆ. ಔಷಧಿಯಿಂದ ನೋವು ಸುಮಾರು ಒಂದು ದಿನ ಬೇಗ ಹೋಗುತ್ತದೆ, ಅಷ್ಟೇ. ಗಂಟಲಿನಿಂದ ರೋಗಾಣು ಪೂರ್ತಿ ತೊಲಗಬೇಕು, ಅದಕ್ಕೇ ಹತ್ತು ದಿನ. ರೋಗಾಣುವಿನ ಮೇಲೆ ತಿರುಗಿಬಿದ್ದ ನಮ್ಮದೇ ದೇಹದ ರಕ್ಷಣೆ ಕೀಲು, ಹೃದಯದ ಮೇಲೂ ಬೀಳುವುದೇ ರುಮ್ಯಾಟಿಕ್ ಜ್ವರ. ಮಗು ಚೆನ್ನಾಗಿ ಕಾಣುತ್ತಿದೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ನನ್ನ ಮೈದುನ ಇಂಗ್ಲೆಂಡಿನಲ್ಲಿದ್ದಾನೆ, ಅಲ್ಲಿ ಕೆಲವರಿಗೆ ಐದು ದಿನಕ್ಕೇ ನಿಲ್ಲಿಸುತ್ತಾರೆ ಅತ್ತಿಗೆ ಅಂದ. ನಿಜವೇ, ಅಲ್ಲಿನ ಮಾರ್ಗಸೂಚಿಯಲ್ಲಿ ಐದರಿಂದ ಹತ್ತು ದಿನ ಅಂತ ಇದೆ. ಆದರೆ ಅಲ್ಲಿ ರುಮ್ಯಾಟಿಕ್ ಜ್ವರ ತೀರ ಅಪರೂಪ, ನಮ್ಮಲ್ಲಿ ಇನ್ನೂ ಇದೆ. ಬೇರೆ ಕಾಯಿಲೆಗೆ ಕಡಿಮೆ ದಿನ ಸಾಕಾಗಬಹುದು, ಅದನ್ನು ಡಾಕ್ಟರು ಹೇಳಲಿ. ಮಳೆ ಬಂತು, ಬಾಟಲಿ ಖಾಲಿಯಾಯಿತು ಅಂತ ನಾವು ನಿರ್ಧಾರ ಮಾಡುವುದಲ್ಲ.

ರೇನ್‌ಕೋಟ್ ಹಾಕಿಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ಇನ್ನೊಂದು ಮೆಡಿಕಲ್ ಶಾಪಿಗೆ ಹೋದೆ. ಅಲ್ಲಿದ್ದ ಹುಡುಗಿ ಚೀಟಿ ಓದಿದಳು, ಏಳೂವರೆ, ಎರಡು ಹೊತ್ತು, ಹತ್ತು ದಿನ ಅಂತ ಕ್ಯಾಲ್ಕ್ಯುಲೇಟರ್ ಒತ್ತಿ, "ಇನ್ನೂ ಮೂರು ಬೇಕು ಮೇಡಂ" ಅಂದಳು. ಒಂದೇ ಸಲ ಎಲ್ಲ ಕಲೆಸಬೇಡಿ, ನೀರು ಹಾಕಿದ ಮೇಲೆ ಏಳು ದಿನ ಮಾತ್ರ, ಫ್ರಿಜ್‌ನಲ್ಲಿಡಿ, ಪುಡಿಯಾಗಿದ್ದರೆ ಹಾಗೇ ಇರುತ್ತದೆ ಅಂದಳು. ಎರಡು ನಿಮಿಷ ಹಿಡಿಯಿತು. ಆ ಅಂಗಡಿಗೂ ಐದಕ್ಕೆ ಐದು. ಮೊದಲನೆಯದಕ್ಕೆ ಎರಡು.

ಏಳನೇ ದಿನ ಬೆಳಿಗ್ಗೆ ಕುಡಿದ ತಕ್ಷಣ ಮಗಳು ಕಕ್ಕಿಬಿಟ್ಟಳು. ಕ್ಲಿನಿಕ್‌ಗೆ ಫೋನ್ ಮಾಡಿದೆ, ಈಗಷ್ಟೇ ಕೊಟ್ಟಿದ್ದಲ್ವಾ, ಇನ್ನೊಂದು ಸಲ ಕೊಡಿ ಅಂದರು. ಹಾಗಾಗಿ ಕೊನೆಗೆ ಒಂದು ಡೋಸ್ ಕಡಿಮೆ ಬಿದ್ದು ಆರನೇ ಬಾಟಲಿ ತರಬೇಕಾಯಿತು. ಎಲ್ಲ ಸೇರಿ ನಾನೂರು ರೂಪಾಯಿ ದಾಟಲಿಲ್ಲ. ಜನೌಷಧಿ ಕೇಂದ್ರ ಹತ್ತಿರ ಇರುವವರಿಗೆ ಇನ್ನೂ ಕಡಿಮೆ ಆಗುತ್ತದೆ, ಹೋಗುವ ಮೊದಲು ಸಿರಪ್ ಇದೆಯಾ ಕೇಳಿಕೊಳ್ಳಿ.

ಔಷಧಿಗೆ ನಾನು ಐದಕ್ಕೆ ಐದು ಕೊಡುತ್ತೇನೆ. ಪೆನಿಸಿಲಿನ್ ಬಳಕೆಗೆ ಬಂದು 80 ವರ್ಷ ದಾಟಿದರೂ ಈ ಸ್ಟ್ರೆಪ್ ರೋಗಾಣು ಅದಕ್ಕೆ ಇನ್ನೂ ಸೋಲುತ್ತಲೇ ಇದೆ. ಅಜಿತ್ರೋಮೈಸಿನ್‌ಗೆ ಬಗ್ಗದ ಸ್ಟ್ರೆಪ್ ಆಗಲೇ ಹಲವು ಕಡೆ ಇದೆ, ಅದಕ್ಕೇ ಅದನ್ನು ಪೆನಿಸಿಲಿನ್ ಅಲರ್ಜಿ ಇರುವವರಿಗೆ ಅಂತ ಉಳಿಸಿಕೊಳ್ಳುತ್ತಾರೆ. ಅದನ್ನೇ ಹೋದ ವರ್ಷ ನಮಗೆ ಚೀಟಿ ಇಲ್ಲದೆ ಕೊಟ್ಟಿದ್ದು. ಆ್ಯಂಟಿಬಯೋಟಿಕ್ ಲೇಬಲ್ ಮೇಲೆ ಕೆಂಪು ಗೆರೆ ಇರುತ್ತದೆ, ಡಾಕ್ಟರ ಚೀಟಿ ಇಲ್ಲದೆ ತಗೊಳ್ಳಬೇಡಿ ಅಂತ ಅದರ ಅರ್ಥ, 2016ರಲ್ಲಿ ಸರ್ಕಾರ ಇದನ್ನು ಜಾಹೀರಾತು ಮಾಡಿಯೇ ಹೇಳಿತ್ತು. ಇದು ಗೊತ್ತಾಗುವವರೆಗೂ ನಾನು ಆ ಗೆರೆಯನ್ನು ಡಿಸೈನ್ ಅಂದುಕೊಂಡಿದ್ದೆ.

ಪ್ಯಾಕಿಂಗ್‌ಗೆ ಎರಡೇ ಅಂಕ. 15 ಕೆಜಿಯ ಮಗುವಿಗೆ ಎರಡು ದಿನಕ್ಕೆ ಮುಗಿಯುವ ಬಾಟಲಿ, ಅದರ ಮೇಲೆ ಕಾಣುವ ಹಾಗೆ ಎಲ್ಲೂ "ಡಾಕ್ಟರು ಹೇಳಿದಷ್ಟು ದಿನಕ್ಕೆ ಎಷ್ಟು ಬಾಟಲಿ ಬೇಕು ಕೇಳಿ" ಅನ್ನುವ ಒಂದು ಸಾಲು ಕನ್ನಡದಲ್ಲಿ ಇಲ್ಲ. ಸೂಚನೆಯೆಲ್ಲ ಸಾಸಿವೆಗಿಂತ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿದೆ, ನಾನು ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ. ನಮ್ಮ ಅತ್ತೆ ಒಬ್ಬರೇ ಇದ್ದಿದ್ದರೆ ಹೇಗೆ ಓದುತ್ತಿದ್ದರು? 60 ಎಂಎಲ್ ಬಾಟಲಿ ಸಿಕ್ಕರೆ ಅದನ್ನೇ ಕೇಳಿ. ಸ್ವಲ್ಪ ದೊಡ್ಡ ಮಕ್ಕಳಿಗಾದರೆ ನೀರಲ್ಲಿ ಕರಗುವ ಮಾತ್ರೆಯೂ ಬರುತ್ತದೆ, ಕಲೆಸುವ ತಲೆನೋವೇ ಇಲ್ಲ, ಡಾಕ್ಟರ ಹತ್ತಿರ ಕೇಳಿ ನೋಡಿ.

ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ದಿನಕ್ಕೆ ಎರಡು ಗೆರೆ ಹಾಕುವ ಕೆಲಸ ಮಗಳದ್ದೇ ಆಗಿತ್ತು, ಬೆಳಿಗ್ಗೆಯದು ಹಸಿರು, ರಾತ್ರಿಯದು ಕೆಂಪು. ಹತ್ತು ದಿನ ತುಂಬಿ, ಇಪ್ಪತ್ತನೇ ಗೆರೆ ಹಾಕಿದ ಮೇಲೆ ಆರನೇ ಬಾಟಲಿಯಲ್ಲಿ ಮುಕ್ಕಾಲು ಭಾಗ ಉಳಿದಿತ್ತು. ಮುಂದಿನ ಸಲಕ್ಕೆ ಇರಲಿ ಅಂತ ಅತ್ತೆ ಫ್ರಿಜ್ ಬಾಗಿಲಲ್ಲಿ ಇಟ್ಟಿದ್ದರು. ಅದು ವಾರಕ್ಕೆ ಕೆಡುತ್ತದೆ ಅತ್ತೆ, ಮುಂದಿನ ಸಲ ಏನು ಕಾಯಿಲೆಯೋ ಗೊತ್ತಿಲ್ಲ ಅಂತ ಹೇಳಿ ತೆಗೆದೆ. ಬೆಳಗಿನ ಕಾಫಿ ಗಸಿಯಲ್ಲಿ ಬೆರೆಸಿ, ಕವರಿನಲ್ಲಿ ಗಂಟು ಹಾಕಿ ಕಸಕ್ಕೆ ಹಾಕಿದೆವು. ಲೇಬಲ್ ಕಿತ್ತು ಬಾಟಲಿ ಬೇರೆ ಹಾಕಿದೆ. ಆಮೇಲೆ ನಾನೇ ಚಿಕ್ಕಮ್ಮನಿಗೆ ಫೋನ್ ಮಾಡಿದೆ.